ತಾಯಂದಿರು ಕೊಟ್ಟ ರಕ್ತ

ಮೊನ್ನೆ ಸಿಂಧನೂರಿಗೆ ಒಂದು ಮದುವೆಗೆ ಹೋಗಿದ್ದೆ. ಅಡುಗೆಮನೆಯ ಹಿಂದೆ ಗೋಣಿಚೀಲ ಬಿಚ್ಚಿ ಐಸಿನ ಗಡ್ಡೆ ಇಳಿಸುತ್ತಿದ್ದರು. ಕರಗದಿರಲೆಂದು ಸುತ್ತಲೂ ತುಂಬಿದ ಬತ್ತದ ಹೊಟ್ಟು ತೊಯ್ದು ನಾರುತ್ತಿತ್ತು. ಆ ಹಸಿ ಹೊಟ್ಟಿನ ವಾಸನೆ ಮೂಗಿಗೆ ಬಿದ್ದದ್ದೇ ತಡ, ಬಾಯಿಗೆ ಹಾಕಬೇಕೆಂದ ಎಲೆ ಅಡಿಕೆ ಕೈಯಲ್ಲೇ ಉಳಿಯಿತು. ಮೇಡಂ ನೆನಪಾದರು…

ತೊಂಬತ್ತರ ದಶಕದ ಮಾತು. ನಾನಾಗ ಮಸ್ಕಿಯಲ್ಲಿ ಶಾಲೆಯ ಟೀಚರು. ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದವರು ಅವರು. ದೂರದವರು ನಮ್ಮೂರಿಗೆ ಬರುವುದು ಬಂಡೆಯ ಮೇಲಿನ ಶಾಸನ ನೋಡಲಿಕ್ಕೆ. ಈಕೆ ಮಾತ್ರ ಮಂದಿಯ ರಕ್ತ ಬೇಕೆಂದು ಬಂದಿದ್ದರು. ಅಯ್ಯ ಶಿವನೇ, ಇದೇನು ಗಂಟು ಬಿತ್ತಪ್ಪ ಎಂದುಕೊಂಡೇ ಬೀಗದ ಕೈ ಕೊಟ್ಟಿದ್ದೆ.

ಮೈಸೂರು ಕಡೆಯ ಹೆಂಗಸು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ದೂರದ ಒಂದು ದೊಡ್ಡ ಲ್ಯಾಬಿನಲ್ಲಿ ಕೆಲಸ. ಮನುಷ್ಯರು ಎಲ್ಲಿಂದ ಬಂದರು, ಯಾರು ಯಾರಿಂದ ಯಾವಾಗ ಕವಲೊಡೆದರು ಎಂದು ರಕ್ತದಲ್ಲಿ ಹುಡುಕುವುದೇ ಅವರ ಜೀವನವಾಗಿತ್ತು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮಾತ್ರ ಇಳಿಯುವ ಒಂದು ಗುರುತು ಗಂಡಸರ ರಕ್ತದಲ್ಲಿ ಇರುತ್ತದಂತೆ. ಹೆಂಗಸರಲ್ಲಿ ಅದು ಇರುವುದೇ ಇಲ್ಲ. ಸಾವಿರಾರು ವರ್ಷಗಳಲ್ಲಿ ಅದರೊಳಗೆ ಸಣ್ಣಸಣ್ಣ ಬದಲಾವಣೆ ಬಿದ್ದಿರುತ್ತವೆ, ಅವನ್ನು ಹಿಡಿದು ಹಿಂದಕ್ಕೆ ನಡೆದರೆ ಹಳೆಯ ಹಾದಿ ಸಿಗುತ್ತದೆ ಎನ್ನುತ್ತಿದ್ದರು. ನನಗೆ ಅರ್ಥವಾದದ್ದು ಅಷ್ಟೇ.

ಲಿಂಗಸುಗೂರು, ಸಿಂಧನೂರು ಸೀಮೆಯ ಊರುಗಳನ್ನು ವರ್ಷಗಟ್ಟಲೆ ತಿರುಗಿ ಮುಗಿಸಿದ್ದರು. ಉಳಿದದ್ದು ಮಸ್ಕಿಯ ಹತ್ತಿರ ಗುಡ್ಡದ ಬುಡದ ಒಂದು ಹಳ್ಳಿ. ಅಲ್ಲಿಯವರು ಎಲ್ಲಿಂದಲೋ ಬಂದವರಲ್ಲ, ಗುಡ್ಡ ಹುಟ್ಟಿದಾಗಲೇ ಹುಟ್ಟಿದವರು ಎಂದು ಹೇಳಿಕೊಳ್ಳುತ್ತಿದ್ದರು. ಆ ರಕ್ತ ಸಿಕ್ಕರೆ ಮಾತ್ರ ಉಳಿದ ಊರುಗಳ ಲೆಕ್ಕಕ್ಕೆ ತಳ ಸಿಗುತ್ತಿತ್ತು. ಲ್ಯಾಬಿನ ಹಿರಿಯರು ಅದಾಗಲೇ ಮುಖ ತಿರುಗಿಸಿದ್ದರು. "ಟೀಚರ್, ಈ ಊರು ಕೈಕೊಟ್ಟರೆ ನನ್ನದು ಮುಗೀತು" ಎಂದು ಅನ್ನದ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು.

ಮೊದಲು ಹೋದಾಗ ಗಂಡಸರೆಲ್ಲ ಊರಲ್ಲಿದ್ದರು. ಕಟ್ಟೆಯ ಮೇಲೆ ಕೂತು ಕೇಳಿ, ಹೂಂ ಅಂದು, ಹೆಸರು ಬರೆಸಿದರು. ಮೇಡಂ ಸೂಜಿ, ಸೀಸೆ ಹೊಂದಿಸಿಕೊಂಡು ಬರುವ ಹೊತ್ತಿಗೆ ಕಾಲುವೆ ಸೀಮೆಯಲ್ಲಿ ಬತ್ತದ ಕೊಯ್ಲು ಶುರುವಾಗಿತ್ತು. ರಕ್ತ ತೆಗೆಯಲು ಲಿಂಗಸುಗೂರಿನ ಒಬ್ಬ ಕಂಪೌಂಡರನ್ನು ಗೊತ್ತುಮಾಡಿದ್ದರು. ನರ ಹಿಡಿಯುವುದರಲ್ಲಿ ಗಟ್ಟಿ ಕೈ. ಅವನು ಹಳ್ಳಿಯಲ್ಲಿ ರಕ್ತ ತೆಗೆಯುವಾಗ ಮೇಡಂ ಬಸ್ಸು ಹಿಡಿದು ಸಿಂಧನೂರಿಗೆ ಹೋಗಿ ಐಸು ತರುತ್ತಿದ್ದರು. ಬೇರೆಯವರ ಕೈಗೆ ಐಸು ಕೊಟ್ಟರೆ ಅವರಿಗೆ ಜೀವ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಸೀರೆ ತುಂಬ ಹೊಟ್ಟು ಮೆತ್ತಿಕೊಂಡು ಬಂದು, ಹೆಸರು ಅಂಟಿಸಿದ ಸೀಸೆಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಇಡುತ್ತಿದ್ದರು. ನಾನು ಶಾಲೆಯಿಂದ ಬಂದಾಗ ನಗುತ್ತಾ ಚಹಾ ಕಾಸಿ ಕೊಟ್ಟಿದ್ದೂ ಉಂಟು. ಅವರು ನಕ್ಕದ್ದನ್ನು ನಾನು ನೋಡಿದ್ದು ಆ ಒಂದು ವಾರ ಮಾತ್ರ…

ಸೀಸೆಗಳನ್ನು ಲ್ಯಾಬಿಗೆ ಒಯ್ದವರು ಯುಗಾದಿಗೆ ಮುಂಚೆ ಮತ್ತೆ ಬಂದರು. ಕೈಯಲ್ಲಿ ಒಂದು ಚೀಲ, ಮುಖದಲ್ಲಿ ರಕ್ತವಿಲ್ಲ. "ಟೀಚರ್, ಗಂಡಸರ ಹೆಸರಿರೋ ಸೀಸೆಗಳಲ್ಲೆಲ್ಲಾ ಹೆಣ್ಣಿನ ರಕ್ತ ಇದೆ" ಅಂದರು. ಸೀಸೆಗಳ ಪಟ್ಟಿಯನ್ನು ನನ್ನ ಅಡುಗೆಮನೆಯ ನೆಲದ ಮೇಲೆ ಹರಡಿದರು.

ನನಗೆ ಸಿಟ್ಟು ನೆತ್ತಿಗೇರಿತು. ಕಂಪೌಂಡರನ್ನು ಕರೆಸಿ ಮೈಚಳಿ ಬಿಡಿಸಿದೆ. ಅವನಿಗೆ ತಾನು ಮಾಡಿದ ತಪ್ಪೇನೆಂದೇ ಹೊಳೆಯಲಿಲ್ಲ.

"ಹೆಸರು ಕೂಗಿದ್ನಿರೀ. ಮಗ ಬತ್ತದ ಕೊಯ್ಲಿಗೆ ಜವಳಗೇರಾಕ ಹೋಗ್ಯಾನ, ಅವನ ಪಾಲಿಂದು ನಾ ಕೊಡ್ತೀನಿ ಅಂತ ಅವರವ್ವ ಬಂದು ಕುಂತ್ಲು. ರೇಷನ್ ಅಂಗಡ್ಯಾಗ ಹಿಂಗ ನಡಿಯಂಗಿಲ್ಲೇನ್ರಿ? ತಾಯಿ ಮಗ ಅಂದ್ರ ಒಂದ ರಕ್ತ ಅಲ್ರೀ?"

ಏನು ಹೇಳುತ್ತೀರಿ ಇದಕ್ಕೆ? ದುಡಿಯುವ ಮೈಯಿಂದ ರಕ್ತ ಕಳೆಯಬಾರದೆಂದು ಇಡೀ ಹಳ್ಳಿಯ ತಾಯಂದಿರು ಮಕ್ಕಳ ಬದಲಿಗೆ ತೋಳು ಚಾಚಿದ್ದರು. ಕೊಟ್ಟ ಮಾತು ತಪ್ಪಬಾರದು ಎಂಬುದೂ ಅದರಲ್ಲಿತ್ತು.

ಹಬ್ಬಕ್ಕೆ ಗಂಡಸರು ಊರಿಗೆ ಬಂದಿದ್ದರು. ಲ್ಯಾಬಿನವರು ಕೊಟ್ಟ ಕೊನೆಯ ಅವಕಾಶ ಅದು. ಈ ಸಲ ಮೇಡಂ ಐಸನ್ನು ಮುಂಚೆಯೇ ತಂದಿಟ್ಟು, ಸೂಜಿ ತಾವೇ ಹಿಡಿದು ಹೊರಟರು. ಅವರ ಮಾತು ಮಂದಿಗೆ ತಿಳಿಸಲು ನಾನೂ ಹೋದೆ.

ಮೊದಲ ಮನೆಯ ಮುದುಕಿಯ ಮಗ ಅಂಗಿಯ ತೋಳು ಮಡಚಿ ಬಂದು ಕೂತ. ಎತ್ತಿನಂಥ ಆಳು. ಮುದುಕಿ ಓಡಿಬಂದು ಅಡ್ಡ ನಿಂತಳು.

"ಅವನ್ದ್ಯಾಕಬೇ? ನಾ ಕೊಟ್ಟೀನಲ್ಲ! ನನ್ನ ರಕ್ತ ಕೆಟ್ಟಾತೇನು?"

ಮೇಡಂ ನೆಲಕ್ಕೆ ಕೂತು ಹೇಳಲು ಶುರುಮಾಡಿದರು. ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವ ಗುರುತು, ತಾಯಿಯಲ್ಲಿ ಅದು ಇರುವುದಿಲ್ಲ… ನಾನು ಅದನ್ನೇ ನಮ್ಮ ಮಾತಿನಲ್ಲಿ ಹೇಳಿದೆ. ಸುತ್ತ ನೆರೆದ ಹೆಂಗಸರ ಮುಖ ಒಂದೊಂದಾಗಿ ಇಳಿಯಿತು. ಹೊತ್ತು ಹೆತ್ತವರಿಗೆ ನಿಮ್ಮದೇನೂ ಇಲ್ಲ ಅಂದ ಹಾಗಾಯಿತು. ಮಗ ಎದ್ದು ನಿಂತು ಮಡಚಿದ ತೋಳು ಇಳಿಸಿಕೊಂಡ.

"ನಮ್ಮವ್ವನ ರಕ್ತ ನಡಿಯಂಗಿಲ್ಲ ಅಂದ್ರ ನಂದೂ ನಡಿಯಂಗಿಲ್ಲ, ಬಾಯಾರ" ಎಂದು ಮೇಡಂಗೆ ಹೇಳಿದ.

ಅವನ ಹಿಂದಿದ್ದವರೆಲ್ಲ ಹಾಗೇ ಸರಿದರು. ನಾನು ಗೋಗರೆದೆ, ಗದರಿದೆ. ಜಪ್ಪಯ್ಯ ಅಂದರೂ ಒಬ್ಬನೂ ಒಪ್ಪಲಿಲ್ಲ. ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಮೇಡಂ ಸೂಜಿ ಕೆಳಗಿಟ್ಟು ಮುದುಕಿಯ ಹತ್ತಿರ ಸರಿದರು. ಆಮೇಲೆ ಅವಳ ಕೈ ಹಿಡಿದು, "ಅಮ್ಮಾ, ನಿಮ್ಮ ರಕ್ತ ಚೆನ್ನಾಗೇ ಇತ್ತು. ದಾರಿಯಲ್ಲಿ ಸೀಸೆ ಒಡೆದುಹೋಯಿತು. ಹೇಳೋಕೆ ನಾಚಿಕೆಯಾಗಿ ಏನೇನೋ ಅಂದೆ" ಅಂದರು.

ನಾನು ಅದನ್ನೂ ನಮ್ಮ ಮಾತಿನಲ್ಲಿ ಹೇಳಿದೆ. ಮುದುಕಿ ಸೆರಗು ತೆಗೆದಳು. ಮುಖ ಅರಳಿತ್ತು.

"ಅಷ್ಟಕ್ಕ ನಾಚ್ಕೋತಾರೇನ ಯವ್ವಾ? ಒಡದ್ರ ಒಡೀಲಿ. ಇನ್ನೊಮ್ಮಿ ತಗೋ!"

ಮತ್ತೆ ತೋಳು ಚಾಚಿದಳು. ಅವಳ ಹಿಂದೆ ಉಳಿದ ತಾಯಂದಿರು ಸಾಲುಗಟ್ಟಿ ಕೂತರು. ಮೇಡಂ ಆ ಒಣಗಿದ ತೋಳಿಗೆ ಪಟ್ಟಿ ಕಟ್ಟಿದರು. ಎರಡು ಸಲ ತಡಕಿದರೂ ನರ ಸಿಗಲಿಲ್ಲ. "ಹೆದರಬ್ಯಾಡ, ಚುಚ್ಚು" ಎಂದು ಮುದುಕಿಯೇ ಧೈರ್ಯ ಹೇಳಿದಳು. ಗಂಡುಮಕ್ಕಳು ಕೈಗೆಟಕುವಷ್ಟು ದೂರದಲ್ಲಿ ನಿಂತು ತಾಯಂದಿರನ್ನು ನೋಡುತ್ತಿದ್ದರು. ಯಾವ ರಕ್ತಕ್ಕಾಗಿ ಈ ಹೆಂಗಸು ಅಷ್ಟು ವರ್ಷ ಸವೆಸಿದ್ದಳೋ ಅದು ಅಲ್ಲೇ ನಿಂತಿತ್ತು. ಮೇಡಂ ತಲೆ ಎತ್ತಲಿಲ್ಲ. ಪ್ರತಿ ಸೀಸೆಗೂ ಹೆಸರು ಬರೆದರು. ಈ ಸಲ ತಾಯಿಯ ಹೆಸರು.

ಮನೆಗೆ ಬಂದ ಮೇಲೆ ನಾನು ಬೈದೆ. "ಹುಚ್ಚು ಹಿಡದದೇನ್ರಿ ನಿಮಗ? ಬಾಳೇವು ಕಳಕೊಂಡು ಬಂದ್ರಲ್ಲ! ಇದನ್ನ ಒಯ್ದು ಏನ್ ಮಾಡ್ತೀರಿ?"

"ಚೆಲ್ಲೋಕೆ ಆಗುತ್ತಾ ಟೀಚರ್?" ಎಂದರು. ಪೆಟ್ಟಿಗೆಗೆ ಐಸು ತುಂಬಿಕೊಂಡೇ ಬಸ್ಸು ಹತ್ತಿದರು.

ಲ್ಯಾಬಿನವರು ಆ ಕೆಲಸವನ್ನು ಅವರಿಂದ ಕಿತ್ತುಕೊಂಡರು. ಮೇಡಂ ಯಾವುದೋ ಹೆಣ್ಣುಮಕ್ಕಳ ಕಾಲೇಜಿಗೆ ಪಾಠ ಹೇಳಲು ಸೇರಿದರು. ಮತ್ತೆಂದೂ ಮಸ್ಕಿಗೆ ಬರಲಿಲ್ಲ. ಹೋದ ವರ್ಷ ತೀರಿಕೊಂಡರೆಂದು ಅವರ ತಂಗಿ ಫೋನು ಮಾಡಿದ್ದಳು. ನಾನು ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ. ಆಕೆ ಕಟ್ಟಬೇಕೆಂದ ಆ ಹಳೆಯ ಹಾದಿ ಆಕೆಯ ಹೆಸರಲ್ಲಿ ಎಲ್ಲೂ ಅಚ್ಚಾಗಲಿಲ್ಲ.

ಮುದುಕಿ ಅವರಿಗಿಂತ ಎಷ್ಟೋ ಮೊದಲೇ ಹೋದಳು. ಸಂತೆಯಲ್ಲಿ ಸಿಕ್ಕಾಗಲೆಲ್ಲ ನನ್ನ ಕೈ ಹಿಡಿದು ನಿಲ್ಲಿಸಿ ಕೇಳುತ್ತಿದ್ದಳು, "ರಕ್ತದ ಬಾಯಾರಿಗೆ ನಮ್ಮದು ಉಪಯೋಗಕ್ಕ ಬಂತಂತೇನ?"

"ಬಂತಂತ ಬೇ, ಭಾಳ ಉಪಯೋಗಕ್ಕ ಬಂತಂತ" ಅನ್ನುತ್ತಿದ್ದೆ. ಈಗ ಹಾಗೆ ಕೇಳುವವರು ಯಾರೂ ಉಳಿದಿಲ್ಲ…