ಗೊಣಗಿದ ಹೆಸರು

ಮುನಿಯಮ್ಮ, ಅವತ್ತು ಕೋರ್ಟಿನ ಬಾಗಿಲಲ್ಲಿ ನಾನು ನಿಮ್ಮ ಹೆಸರನ್ನು ಕೂಗಲಿಲ್ಲ — ಗೊಣಗಿದೆ. ಮೂರು ಸಲ ಕೂಗಿದೆ, ನೀವೇ ಬರಲಿಲ್ಲ ಎಂದು ಹೇಳಿದ್ದು ಸುಳ್ಳು.

ನಂಗಲಿಯ ಹೆದ್ದಾರಿಯಲ್ಲಿ ಕಳ್ಳರು ಓಲೆಯ ಆಸೆಗೆ ನಿಮ್ಮನ್ನು ಹೊಡೆದಿದ್ದರು. ಎಡಗಿವಿ ಹೋಗಿತ್ತು, ಬಲಗಿವಿಯೂ ಮಂದವಾಗುತ್ತಿತ್ತು. ಅದರ ಚಿಕಿತ್ಸೆಗೆಂದೇ ಸರ್ಕಾರದ ಪರಿಹಾರ ಕೇಳಿ ಬಂದಿದ್ದಿರಿ. ಕೋರ್ಟಿನಲ್ಲಿ ಹೆಸರು ಕೂಗುವವನು ನಾನೆಂದು ತಿಳಿದು ಬೆಳಿಗ್ಗೆಯೇ ನನ್ನ ಬಳಿಗೆ ಬಂದಿರಿ. "ಅಣ್ಣಾ, ಕಿವಿ ಸರ್ಯಾಗ್ ಕೇಳ್ಸಲ್ಲ. ನನ್ನೆಸ್ರು ಬಂದಾಗ ಒಸಿ ಗಟ್ಟಿಯಾಗ್ ಕೂಗಣ್ಣ." ಆಯಿತು ಎಂದೆ.

ಆದರೆ ಅಂದು ನನಗೆ ಕೋಪ. ಎರಡು ಕೋರ್ಟ್ ಹಾಲ್‌ಗೆ ಕೂಗುವವನು ನಾನೊಬ್ಬನೇ — ಇನ್ನೊಬ್ಬನ ನೇಮಕಕ್ಕೆ ಸರ್ಕಾರದ ಹಣ ಬಂದಿರಲಿಲ್ಲ, ಮೈಕಿಗೂ ಬಂದಿರಲಿಲ್ಲ. ಕೇಳಿದ್ದಕ್ಕೆ ಮೇಲಿನವರು, "ಕೂಗೋಕೇ ತಾನೇ ನಿಂಗ್ ಸಂಬಳ?" ಎಂದು ನಕ್ಕರು. ಮೈಕಿಲ್ಲದಿದ್ದರೆ ದನಿಯೂ ಇಲ್ಲ ಎಂದು ಮುನಿಸಿಕೊಂಡೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ! ನೀವು ಹೊಂಗೆ ಮರದ ಕೆಳಗೆ ಬಲಗಿವಿಯನ್ನು ಬಾಗಿಲ ಕಡೆ ತಿರುಗಿಸಿ ಕೂತಿದ್ದಿರಿ. ನನಗೆ ಕಾಣುತ್ತಿತ್ತು. ಮೆಟ್ಟಿಲಿಳಿದು ಬಂದು ಭುಜ ಮುಟ್ಟಿದ್ದರೂ ಸಾಕಿತ್ತು. ಯಾರೂ ಬಂದಿಲ್ಲ ಎಂದು ಒಳಗೆ ಹೇಳಿದೆ. ಅರ್ಜಿ ವಜಾ ಆಯಿತು.

ಸಂಜೆ ವಿಷಯ ತಿಳಿದಾಗ ನೀವು ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ.

"ತಪ್ಪು ನಂದೇ ಬಿಡಣ್ಣ, ಹಾಳಾದ್ ಕಿವಿದು. ಪಾಪ, ಎಷ್ಟ್ ಕೂಗಿದ್ಯೋ... ಗಂಟ್ಲು ಒಣಗಿರ್ತದೆ. ಬಾ, ಟೀ ಕುಡೀವಂತೆ."

ಕುಡಿದೆ, ಮುನಿಯಮ್ಮ. ನೀವು ಕೊಡಿಸಿದ ಟೀಯನ್ನು ಕುಡಿದೆ. ಆಗಲೂ ನಿಜ ಹೇಳಿದ್ದರೆ ಅರ್ಜಿಯನ್ನು ಮತ್ತೆ ವಿಚಾರಣೆಗೆ ತರಿಸಬಹುದಿತ್ತು — ಕೆಲಸ ಹೋದೀತೆಂದು ಹೆದರಿದೆ. ನೀವು ನಂಗಲಿಯ ಬಸ್ಸು ಹತ್ತಿದಿರಿ, ಮತ್ತೆ ಬರಲಿಲ್ಲ.

ಈಗ ನಿವೃತ್ತನಾಗಿ ಮಾಲೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ಹೆಂಡತಿ ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಯಾರಾದರೂ ಕರೆದಾರೇ ಎಂದು ಕಿವಿಗೊಟ್ಟು ಕೂರುತ್ತೇನೆ, ಆಗ ಆ ಹೊಂಗೆ ಮರ — ಇರಲಿ. ಸರ್ಕಾರ ಹಣ ಕೊಡಲಿಲ್ಲ, ಅದು ನಿಜ. ಒಂದು ಹೆಸರು ಕೂಗುವುದಕ್ಕೆ ಹಣ ಬೇಕಿರಲಿಲ್ಲ.

ಮೊನ್ನೆ ಎಲ್ಲವನ್ನೂ ಹೇಳಿಬಿಡಬೇಕೆಂದು ನಂಗಲಿಗೆ ಬಂದಿದ್ದೆ. ನಿಮ್ಮ ಮನೆಯ ತೆರೆದ ಬಾಗಿಲಲ್ಲಿ ನಿಂತು, ಕೆಲಸದಲ್ಲಿದ್ದಾಗ ಎಂದೂ ಕೂಗದಷ್ಟು ಗಟ್ಟಿಯಾಗಿ ಕೂಗಿದೆ — ಮುನಿಯಮ್ಮಾ! ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ನೀವು ನನಗೆ ಬೆನ್ನು ಹಾಕಿ ಮೊರದಲ್ಲಿ ರಾಗಿ ಕೇರುತ್ತಿದ್ದಿರಿ. ಮತ್ತೊಮ್ಮೆ ಕೂಗಿದೆ. ಮೂರನೆಯ ಸಲವೂ ಕೂಗಿದೆ.

ನೀವು ತಿರುಗಲಿಲ್ಲ. ಒಳಗೆ ಬಂದು ಭುಜ ಮುಟ್ಟುವ ಧೈರ್ಯ ನನಗೆ ಈ ಸಲವೂ ಬರಲಿಲ್ಲ.