ಹಳದಿ ಎಲೆಯ ಮೇಲೆ ಬರೆದ ಹೆಸರು

ಎಪ್ಪತ್ತರ ದಶಕದಲ್ಲಿ ಹೊನವಾಡದ ಕಡೆ ದ್ರಾಕ್ಷಿ ಇನ್ನೂ ಹೊಸತು. ಬಸಪ್ಪನ ತೋಟದ ಎಲೆಗಳು ಅರಿಷಿಣ ಹಚ್ಚಿದಂತೆ ಹಳದಿಯಾಗಿದ್ದವು. ಮಣ್ಣಿನಲ್ಲಿ ಕಬ್ಬಿಣವಿದೆ, ಆದರೆ ಸುಣ್ಣ ಹೆಚ್ಚಾಗಿ ಬಳ್ಳಿಗೆ ಅದು ದಕ್ಕುತ್ತಿಲ್ಲ ಎಂದು ತೋಟಗಾರಿಕೆ ಇಲಾಖೆಯಿಂದ ಹೋಗಿದ್ದ ನಾನು ಹೇಳಿದರೆ ಅವನು ನಂಬಲಿಲ್ಲ. ಕಬ್ಬಿಣದ ಅಂಶವಿರುವ ಅನ್ನಭೇದಿಯನ್ನು ನೀರಿನಲ್ಲಿ ಕರಗಿಸಿ, ಕುಂಚದಿಂದ ಒಂದು ಎಲೆಗೆ ಹಚ್ಚಿ ತೋರಿಸಲು ಹೊರಟೆ. ಒಂದು ಗೆರೆ ಎಳೆದಿದ್ದರೆ ಸಾಕಿತ್ತು. ಹುಕಿ ಬಂದು ನನ್ನ ಹೆಸರನ್ನೇ ಬರೆದುಬಿಟ್ಟೆ.

ಮುಂದಿನ ವಾರ ಹೋದಾಗ ಆ ಬಳ್ಳಿಯ ಸುತ್ತ ಜನ ನಿಂತಿದ್ದರು. ಹಳದಿ ಎಲೆಯ ಮೇಲೆ ಹಚ್ಚಹಸಿರು ಅಕ್ಷರಗಳು ಎದ್ದಿದ್ದವು. ಬಸಪ್ಪನ ತಾಯಿ ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು, “ಇದು ಔಷಧದ ಹೆಸರೇನ್ರಿ, ಸಾಹೇಬ್ರ?” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಬಸಪ್ಪ, “ಅಲ್ಲಬೇ ಯವ್ವಾ, ಅದು ಅವರ ಹೆಸರ ಐತಿ,” ಅಂದ.

“ಹೌದೇನು?” ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. “ಈ ಬಳ್ಳಿಗೆ ಕೊಡದ್ಲೆ ನೀರ ಹಾಕಿದಾಕಿ ನಾನು. ನಂದೂ ಒಂದ ಎಲಿ ಮ್ಯಾಲ ಬರೀರಲ್ಲ, ಹೆಂಗ ಕಾಣತೈತಿ ನೋಡೂಣು.”

ಕುಂಚ ಅದ್ದಿ ಇನ್ನೊಂದು ಎಲೆ ಹಿಡಿದೆ. ಕೈ ಅಲ್ಲೇ ನಿಂತಿತು. ಬಂದಾಗಲೆಲ್ಲ ಆಕೆ ಬಡಿದ ರೊಟ್ಟಿ ತಿಂದು ಹೋಗಿದ್ದೆ. ಆಕೆಯ ಹೆಸರೇ ನನಗೆ ಗೊತ್ತಿರಲಿಲ್ಲ. ಅಷ್ಟು ಜನರ ಎದುರು ತಲೆ ತಗ್ಗಿಸಿ ಕೇಳಬೇಕಾಯಿತು.

“ಗಂಗವ್ವ ಅಂತ ಬರಿ, ಯಪ್ಪಾ.”

ಮುಂದೆ ತೋಟಕ್ಕೆಲ್ಲ ಅದೇ ಔಷಧ ಸಿಂಪಡಿಸಿದ ದಿನ ಗಂಗವ್ವ ತನ್ನ ಎಲೆಗೆ ಹನಿ ಬೀಳದಂತೆ ಸೆರಗು ಹಿಡಿದು ನಿಂತಳು. ಹೆಸರು ಬೇಗ ಹಸಿರಿನಲ್ಲಿ ಮುಚ್ಚಿಹೋಗಲೆಂದು ನನ್ನ ಎಲೆಗೆ ನಾನೇ ಎರಡು ಸಲ ಹೊಡೆದೆ.