ನಡುಮನೆಯ ಪ್ಲಗ್

ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಆರೂವರೆ. ಲಕ್ಷ್ಮೀಪುರಂನ ನಮ್ಮ ಮನೆಯ ಅಡುಗೆಮನೆಯಲ್ಲಿ ಮೂವರಿದ್ದೆವು: ನಾನು, ನನ್ನ ಅಕ್ಕ, ಅಕ್ಕನ ಮಗಳು. ಅಂದು ತೀರ್ಮಾನವಾಗಬೇಕಿದ್ದದ್ದು ಒಂದೇ. ಹಿಂದಿನ ಕೋಣೆಯಲ್ಲಿ ಅಕ್ಕ ಬಟನ್ ಒತ್ತಿದರೆ ಅಡುಗೆಮನೆಯಲ್ಲಿ ಬೆಲ್ ಆಗಬೇಕು. ತಂತಿಯಿಲ್ಲದ ಆ ಕರೆ ಯಾವ ದಾರಿಯಲ್ಲಿ ಬಂದರೆ ನಂಬಬಹುದು?

ಸೊಂಟದ ಆಪರೇಷನ್ ಆದ ಮೇಲೆ ಅಕ್ಕ ವಾಕರ್ ಹಿಡಿದು ನಡೆಯುತ್ತಿದ್ದಳು. ಹಿಂದಿನ ತಿಂಗಳು ಕೋಣೆಯಲ್ಲಿ ಜಾರಿ ಕುಸಿದಾಗ ಮೊಬೈಲು ಮಂಚದ ಮೇಲಿತ್ತು. ಕೂಗಿದ್ದು ನನಗೆ ಕೇಳಿಸಲಿಲ್ಲ. ನಮ್ಮದು ಹಳೆಯ ಕಾಲದ ಗೋಡೆ, ಕಿಟಕಿಯ ಕಟ್ಟೆಯ ಮೇಲೆ ಒಬ್ಬರು ಕಾಲು ಮಡಚಿ ಕೂರುವಷ್ಟು ದಪ್ಪ. ಅಂದಿನಿಂದ ಮಗಳದು ಒಂದೇ ಮಾತು: ನಂಬುವಂಥ ಬೆಲ್ ಆಗದಿದ್ದರೆ ಅಮ್ಮನ ಮಂಚ ಹಾಲ್‌ಗೆ, ಎಲ್ಲರ ಕಣ್ಣೆದುರಿಗೆ. ಮಂಚ ಎತ್ತಲು ಭಾನುವಾರಕ್ಕೆ ಆಳುಗಳಿಗೂ ಹೇಳಿಟ್ಟಿದ್ದಳು.

“ಹಾಲ್‌ನಲ್ಲಿ ಕೂರಿಸೋಕೆ ನಾನೇನು ದಸರಾ ಬೊಂಬೆನಾ?” ಎಂದಳು ಅಕ್ಕ. “ಸೀರೆ ಬದಲಾಯಿಸ್ಬೇಕು ಅಂದ್ರೆ ಬಂದೋರನ್ನೆಲ್ಲ ಎಬ್ಬಿಸಿ ಕಳಿಸ್ಲಾ?”

“ಬೊಂಬೆ ಬೀಳಲ್ಲಮ್ಮ. ನೀನು ಬೀಳ್ತೀಯ.”

ಮಗಳು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಮೇಜಿನ ಮೇಲೆ ಮೂರು ಬಟನ್ ಸಾಲಾಗಿ ಇಟ್ಟಳು. ಮೊದಲನೆಯದು ಬ್ಲೂಟೂತ್. ಅಕ್ಕನ ಕೋಣೆಯೊಳಗೆ ಚೆನ್ನಾಗಿತ್ತು; ಬಾಗಿಲು ದಾಟಿದ ಕೂಡಲೇ ಸುಮ್ಮನಾಯಿತು. ಎರಡನೆಯದು ವೈಫೈ. ಒಮ್ಮೆ ಬೆಲ್ ಆಯಿತು, ಒಮ್ಮೆ ಇಲ್ಲ, ಇನ್ನೊಮ್ಮೆ ನಾವು ಮರೆತ ಮೇಲೆ ಆಯಿತು. ರೂಟರ್ ಇರುವುದು ಮುಂದಿನ ಹಾಲ್‌ನಲ್ಲಿ, ನಡುವೆ ಆ ಗೋಡೆಗಳು. ಸಾಲದ್ದಕ್ಕೆ ಕರೆ ಇಂಟರ್ನೆಟ್ಟಿಗೆ ಹೋಗಿ ತಿರುಗಿ ನಮ್ಮ ಅಡುಗೆಮನೆಗೆ ಬರಬೇಕಂತೆ.

“ಹಿಂದಿನ ಕೋಣೆಯಿಂದ ಕರೆಯೋಕೆ ಊರೆಲ್ಲ ಸುತ್ತಬೇಕಾ?” ಎಂದೆ. ಮಗಳು ಅದನ್ನು ಡಬ್ಬಿಗೆ ಹಾಕಿದಳು.

ಮೂರನೆಯದು ಜಿಗ್‌ಬಿ. ಅದಕ್ಕೆ ಇಂಟರ್ನೆಟ್ ಬೇಡ. ಹಾಲ್‌ನಲ್ಲಿಡುವ ಪುಟ್ಟ ಪೆಟ್ಟಿಗೆಯೇ ಯಜಮಾನ; ಬಟನ್ನಿನ ಕರೆ ಅದಕ್ಕೆ ತಲುಪಿದರೆ ಅದೇ ಅಡುಗೆಮನೆಯ ಬೆಲ್ ಬಾರಿಸುತ್ತದೆ. ಕರೆ ಅಷ್ಟು ದೂರ ತಲುಪದಿದ್ದರೆ ನಡುವೆ ಪ್ಲಗ್‌ಗೆ ಸಿಕ್ಕಿಸಿದ ಇನ್ನೊಂದು ಸಾಧನ ಅದನ್ನು ಈಸಿಕೊಂಡು ಮುಂದಕ್ಕೆ ದಾಟಿಸುತ್ತದೆ. ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು. ಕೊನೆಯ ಕೋಣೆಯ ಸುದ್ದಿ ಹುಡುಗಿಯಿಂದ ಹುಡುಗಿಗೆ ದಾಟಿ ನನ್ನ ಬಳಿ ಬರುತ್ತಿದ್ದ ಹಾಗೆಯೇ ಇದು. ಸಾಧನವನ್ನು ನಡುಮನೆಯ ಪ್ಲಗ್‌ಗೆ ಸಿಕ್ಕಿಸಿದಳು. ಪೆಟ್ಟಿಗೆ, ಸಾಧನ ಎರಡೂ ಯುಪಿಎಸ್ ಲೈನಿನಲ್ಲಿ. ಅಡುಗೆಮನೆಯ ಬೆಲ್ಲು ಬ್ಯಾಟರಿಯದು. ಮೇನ್ ಆಫ್ ಮಾಡಿ ನೋಡಿದೆವು, ಬೆಲ್ ಆಯಿತು. ಕೋಣೆಯ ಬಾಗಿಲು ಮುಚ್ಚಿ ನೋಡಿದೆವು, ಆಯಿತು.

“ಹಾಲ್‌ನ ಪೆಟ್ಟಿಗೆ ಮಾತ್ರ ಆಫ್ ಮಾಡ್ಬೇಡಿ ಚಿಕ್ಕಮ್ಮ,” ಎಂದು ಹೇಳಿ ಮಗಳು ಮಧ್ಯಾಹ್ನದ ಶಿಫ್ಟಿಗೆ ಹೊರಟಳು. “ಸಂಜೆವರೆಗೂ ತಪ್ಪದೆ ಬೆಲ್ ಆದ್ರೆ ಆಳುಗಳಿಗೆ ಬೇಡ ಅಂತೀನಿ.” ಅಕ್ಕ ಬಟನ್ನನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಳು.

ಮೂರು ಗಂಟೆಯ ಹೊತ್ತಿಗೆ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಮೊದಲ ಗುಡುಗಿಗೇ ಎಲ್ಲ ಪ್ಲಗ್‌ಗಳನ್ನೂ ಆಫ್ ಮಾಡುವುದು ಹಾಸ್ಟೆಲಿನಿಂದ ಬಂದ ನನ್ನ ನಿಯಮ. ಟಿವಿ, ಫ್ರಿಜ್ಜು, ವಾಷಿಂಗ್ ಮೆಷಿನ್ನು, ಮಿಕ್ಸಿ ಎಂದು ಮನೆ ಪೂರ್ತಿ ಸುತ್ತು ಹಾಕಿದೆ. ಹಾಲ್‌ನ ಪೆಟ್ಟಿಗೆಯನ್ನು ಹೇಳಿದಂತೆ ಬಿಟ್ಟೆ. ತಾರಸಿಯಿಂದ ಸಂಡಿಗೆ ತರುವಷ್ಟರಲ್ಲಿ ಮಳೆ ಹಿಡಿಯಿತು. ಬಂದು ಕಾಫಿಗೆ ಹಾಲಿಟ್ಟೆ.

ಮೂರೂವರೆಗೆ ಕಾಫಿಗೆಂದು ಅಕ್ಕ ಬಟನ್ ಒತ್ತಬೇಕೆಂದು ಮಾತಾಗಿತ್ತು. ಹಾಲು ಉಕ್ಕಿ ಬಂತು, ಬೆಲ್ ಆಗಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡು ಡಿಕಾಕ್ಷನ್ ಬೆರೆಸಿದೆ. ಆದರೆ ಕಾಫಿಯ ಹೊತ್ತಿನಲ್ಲಿ ಅಕ್ಕ ಮಲಗಿದ್ದನ್ನು ನಾನು ಕಂಡೇ ಇಲ್ಲ. ಲೋಟವನ್ನು ಅಲ್ಲೇ ಇಟ್ಟು ಓಡಿದೆ.

ಬಾಗಿಲು ತಳ್ಳಿದರೆ ಅಕ್ಕ ಕಿಟಕಿಯ ಬಳಿ ನಿಂತಿದ್ದಳು. ಎರಚಲು ಹಾಸಿಗೆಗೆ ಬೀಳುತ್ತದೆಂದು ಕಿಟಕಿ ಮುಚ್ಚಲು ಎದ್ದಿದ್ದಾಳೆ. ಒದ್ದೆ ನೆಲದಲ್ಲಿ ವಾಕರ್ ಜಾರಿ ಕೈಗೆಟುಕದಷ್ಟು ದೂರ ಹೋಗಿದೆ. ಒಂದು ಕೈ ಸರಳಿನ ಮೇಲೆ, ಇನ್ನೊಂದರ ಹೆಬ್ಬೆರಳು ಬಟನ್ ಮೇಲೆ.

“ಎಷ್ಟೊತ್ತಿಂದ ಒತ್ತುತಾ ಇದ್ದೀನಿ ಕಣೇ! ಕಿವಿ ಹೋಗಿರೋದು ನಿಂಗೋ, ನಿನ್ನ ಬೆಲ್ಲಿಗೋ?”

ಬಳಸಿ ಹಿಡಿದು ಮಂಚಕ್ಕೆ ತಂದೆ. ಕೂತ ಮೇಲೂ ಅವಳು ನನ್ನ ಕೈ ಬಿಡಲಿಲ್ಲ. “ಅವಳಿಗೆ ಹೇಳ್ಬೇಡ. ನಾನು ಬಿದ್ದಿಲ್ಲ ತಾನೆ? ಹಾಲ್‌ಗೆ ಹಾಕ್ಬುಡ್ತಾಳೆ.”

ಬಟನ್ ತೆಗೆದುಕೊಂಡು ಕರೆ ಹೋಗಬೇಕಾದ ದಾರಿಯಲ್ಲೇ ನಡೆದೆ. ನಡುಮನೆಯ ಸಾಧನದಲ್ಲಿ ದೀಪವಿರಲಿಲ್ಲ. ಸ್ವಿಚ್ಚು ಆಫ್. ಸುತ್ತು ಹಾಕುವಾಗ ಮಿಕ್ಕವುಗಳ ಜೊತೆಗೆ ಅದನ್ನೂ ಒತ್ತಿದ್ದೆ. ಆನ್ ಮಾಡಿ, ಸ್ವಲ್ಪ ಕಾದು ಬಟನ್ ಒತ್ತಿದೆ. ಬೆಲ್ ಆಯಿತು.

ಬಟನ್ನನ್ನು ಮತ್ತೆ ಅಕ್ಕನ ಕೊರಳಿಗೆ ಹಾಕಿದೆ. ಆದರೆ ಅವಳ ಮಾತು ಕೇಳಲಿಲ್ಲ. ಮಗಳಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೆ ಹೇಳಿದೆ.

“ಹಂಗಾದ್ರೆ ನಾನು ಯಾವುದನ್ನ ನಂಬ್ಲಿ ಚಿಕ್ಕಮ್ಮ? ಅದನ್ನೋ, ನಿಮ್ಮನ್ನೋ?”

“ನನ್ನ ಕೈನ ನಂಬಬೇಡ. ಗುಡುಗು ಬಂದ್ರೆ ಅದು ನನ್ನ ಮಾತೇ ಕೇಳಲ್ಲ. ಅಲ್ಲಿ ಸ್ವಿಚ್ಚೇ ಇರಬಾರದು. ಎಲೆಕ್ಟ್ರಿಷಿಯನ್‌ನ ಈಗಲೇ ಕರೆಸ್ತೀನಿ.”

“ಸಿಡಿಲಿಗೆ ಸುಟ್ಟು ಹೋದ್ರೆ?”

“ಸುಟ್ಟರೆ ಇನ್ನೊಂದು ತರೋಣ.”

“ಸರಿ. ಆಮೇಲೆ ಮೇನ್ ಆಫ್ ಮಾಡಿ, ಹಾಲ್‌ನ ಪೆಟ್ಟಿಗೆದೊಂದು ಬಿಟ್ಟು ಎಲ್ಲ ಪ್ಲಗ್ಗೂ ಆಫ್ ಮಾಡಿ ನೋಡಿ. ಬೆಲ್ ಆಗ್ಲಿಲ್ಲ ಅಂದ್ರೆ ನಾಳೆ ಮಂಚ ಹಾಲ್‌ಗೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.”

ಮಳೆ ನಿಂತ ಮೇಲೆ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ಚು ತೆಗೆದು, ತಂತಿಯನ್ನು ನೇರವಾಗಿ ಕೊಟ್ಟು, ಖಾಲಿ ಜಾಗವನ್ನು ಮುಚ್ಚಿ ಹೋದ. ಮೇನ್ ಆಫ್ ಮಾಡಿದೆ. ಗುಡುಗು ಬಂದಂತೆಯೇ ಮನೆ ಪೂರ್ತಿ ಸುತ್ತು ಹಾಕಿ ಅಡುಗೆಮನೆಯಲ್ಲಿ ನಿಂತು, “ಒತ್ತಕ್ಕಾ!” ಎಂದು ಕೂಗಿದೆ. ಆ ಗೋಡೆಗಳ ಆಚೆ ಅವಳಿಗೆ ಕೇಳಿಸುವುದಿಲ್ಲ ಎಂದು ಹೊಳೆಯುವ ಮೊದಲೇ ಬೆಲ್ ಆಯಿತು. ಹೇಳಿಸಿಕೊಳ್ಳುವ ತನಕ ಕಾಯುವವಳಲ್ಲ ಅವಳು.

ಮಗಳಿಗೆ ಮೆಸೇಜ್ ಹಾಕಿದೆ. ಕೋಣೆಯ ನೆಲ ಒರೆಸಿ, ಹಾಸಿಗೆಯ ಹೊದಿಕೆ ಬದಲಿಸಿ, ವಾಕರನ್ನು ಮಂಚಕ್ಕೆ ತಾಗಿಸಿ ಇಟ್ಟೆ. ಆಮೇಲೆ ಮೊಬೈಲು ಸದ್ದು ಮಾಡಿತು: ಆಳುಗಳಿಗೆ ಬೇಡ ಅಂದಿದ್ದೀನಿ.

ಅಕ್ಕನಿಗೆ ಓದಿ ಹೇಳಿದೆ. “ಸರಿ, ಬಾಗಿಲು ಹಾಕ್ಕೊಂಡು ಹೋಗೇ,” ಎಂದಳು. ಅಡುಗೆಮನೆಗೆ ಬಂದು ಇನ್ನೂ ಕೂತಿರಲಿಲ್ಲ, ಬೆಲ್ ಆಯಿತು. ಮತ್ತೆ ಓಡಿದೆ.

“ಏನಕ್ಕಾ?”

“ಏನಿಲ್ಲ. ಬರ್ತೀಯೋ ಇಲ್ವೋ ನೋಡ್ದೆ.”

ಬಾಗಿಲನ್ನು ಚಿಲಕ ಕೂರುವ ತನಕ ಎಳೆದು ಮುಚ್ಚಿದೆ.